ಪೋಸ್ಟ್‌ಫಿಕ್ಸ್ ಮೇಲ್ ಸರ್ವರ್: ಹಾಸನದ ಒಂದು ಕಾಫಿ ಆಫೀಸಿನ ಅನುಭವ

ಬಿ.ಎಂ. ರಸ್ತೆ ಪಕ್ಕ ನಮ್ಮದೊಂದು ಸಣ್ಣ ಕಾಫಿ ಖರೀದಿ ಆಫೀಸು. ಮೇಲ್ ಕಳಿಸಲು, ಪಡೆಯಲು ಪೋಸ್ಟ್‌ಫಿಕ್ಸ್, ಇನ್‌ಬಾಕ್ಸ್‌ಗೆ ಡವ್‌ಕಾಟ್. ಎರಡೂ ಒಂದು ಬಾಡಿಗೆ ಕ್ಲೌಡ್ ಸರ್ವರ್ ಮೇಲೆ ಓಡುತ್ತಿವೆ, ವರ್ಷಗಳೇ ಆದವು. ಸಾಫ್ಟ್‌ವೇರ್‌ಗೆ ದುಡ್ಡಿಲ್ಲ, ಬಾಡಿಗೆ ಮಾತ್ರ. ಇಷ್ಟು ಕಾಲದಲ್ಲಿ ಪೋಸ್ಟ್‌ಫಿಕ್ಸ್ ತಾನಾಗಿ ಕೆಟ್ಟು ಕೂತದ್ದನ್ನು ನಾನು ನೋಡಿಲ್ಲ. ಮೇಲ್ ನಿಂತದ್ದು ಮಾತ್ರ ಉಂಟು. ಅದರ ಬಗ್ಗೆಯೇ ಬರೆಯುತ್ತೇನೆ, ಯಾಕಂದ್ರೆ ಎಲ್ಲಾ ಸರಿಯಿರುವಾಗ ಯಾವ ಸರ್ವರ್ ಆದರೂ ಚೆನ್ನಾಗಿಯೇ ಕಾಣುತ್ತೆ.

ಅರೇಬಿಕಾ ಪಾರ್ಚ್‌ಮೆಂಟ್, ಅಂದರೆ ಮೇಲಿನ ಹೊಟ್ಟು ತೆಗೆಯದ ಒಣ ಕಾಫಿ, ಜೋರಾಗಿ ಬರುತ್ತಿದ್ದ ಸಮಯ. ಸಕಲೇಶಪುರ, ಆಲೂರು ಕಡೆಯ ಬೆಳೆಗಾರರ ಸ್ಯಾಂಪಲ್ ನೋಡಿ, ತೇವಾಂಶ, ಔಟ್‌ಟರ್ನ್ (ಹೊಟ್ಟು ತೆಗೆದ ಮೇಲೆ ಎಷ್ಟು ಬೀಜ ಸಿಗುತ್ತದೆ ಅನ್ನುವುದು) ಬರೆದು ಮೇಲ್ ಮಾಡುವುದು ನಮ್ಮ ದಿನದ ಕೆಲಸ. ಮಂಗಳೂರಿನ ಪಾರ್ಟಿಯೊಬ್ಬರು ಫೋನ್ ಮಾಡಿ, "ನಿಮ್ಮ ರಿಪೋರ್ಟು ಬರಲೇ ಇಲ್ಲ ಮಾರಾಯ್ರೆ" ಅಂದರು. ನಮ್ಮ ಆಫೀಸಿನ ಹುಡುಗಿ, "ಕಳಿಸಿದೀನಿ ಸರ್, ಸೆಂಟ್‌ನಲ್ಲಿ ಇದೆ ನೋಡಿ" ಅಂದಳು. ಇಬ್ಬರದೂ ನಿಜ. ಸೆಂಟ್ ಫೋಲ್ಡರ್‌ನಲ್ಲಿ ಇರುವುದು ಅವಳ ಮೇಲ್ ಪ್ರೋಗ್ರಾಂ ತಾನೇ ಇಟ್ಟುಕೊಂಡ ಪ್ರತಿ. ಮೇಲ್ ಆ ಕಡೆ ತಲುಪಿತು ಅನ್ನುವುದಕ್ಕೆ ಅದು ಸಾಕ್ಷಿಯಲ್ಲ.

ಇನ್ನೂ ಹೋಗದೆ ಕಾಯುತ್ತಿರುವ ಮೇಲ್ ತೋರಿಸುವ ಮೇಲ್‌ಕ್ಯೂ ಕಮಾಂಡ್ ಕೊಟ್ಟರೆ ಉದ್ದದ ಸಾಲು. ಎಲ್ಲದರ ಕೆಳಗೂ ಒಂದೇ ಮಾತು: ಕನೆಕ್ಷನ್ ಟೈಮ್ಡ್ ಔಟ್, ಅಂದರೆ ಕಾದರೂ ಆ ಕಡೆಯಿಂದ ಉತ್ತರವಿಲ್ಲ. ಇಲ್ಲಿಯೇ ಅರ್ಧ ಉತ್ತರ ಸಿಕ್ಕಿತು. ಒಬ್ಬರ ಸರ್ವರ್ ಬೇಡ ಅಂದಿದ್ದರೆ ಆ ಒಬ್ಬರದು ಮಾತ್ರ ನಿಲ್ಲಬೇಕಿತ್ತು. ಎಲ್ಲರದೂ ಟೈಮ್ ಔಟ್ ಆಗುತ್ತಿದೆ ಅಂದರೆ ನಮ್ಮ ಬಾಗಿಲೇ ಮುಚ್ಚಿದೆ. ವಿಚಾರಿಸಿದಾಗ ಗೊತ್ತಾಯಿತು, ಬಾಡಿಗೆ ಕಂಪನಿಯವರು ನಮ್ಮ ಸರ್ವರ್ ಅನ್ನು ಬೇರೆ ಯಂತ್ರಕ್ಕೆ ಸಾಗಿಸಿದ್ದರು. ಐಪಿ, ಅಂದರೆ ಇಂಟರ್ನೆಟ್‌ನಲ್ಲಿ ಸರ್ವರ್‌ನ ವಿಳಾಸದ ಸಂಖ್ಯೆ, ಬದಲಾಗಿತ್ತು. ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಮೇಲ್ ಹೋಗುವ ದಾರಿ ಪೋರ್ಟ್ 25. ಹೊಸ ಕಡೆ ಅದು ಹೊರಹೋಗಲು ಬಂದ್. ಸ್ಪ್ಯಾಮ್ ಕಾಟಕ್ಕೆ ತುಂಬಾ ಕ್ಲೌಡ್ ಕಂಪನಿಗಳು ಇದನ್ನು ಮೊದಲೇ ಮುಚ್ಚಿಟ್ಟಿರುತ್ತವೆ, ಕೇಳಿ ತೆರೆಸಿಕೊಳ್ಳಬೇಕು. ಅದೇನೋ ಸರಿ. ಸಾಗಿಸುವ ಮುಂಚೆ ಒಂದು ಮಾತು ಹೇಳಬಹುದಿತ್ತು, ಅಲ್ವಾ?

ಪೋರ್ಟ್ ತೆರೆದ ಮೇಲೆ ಸಾಲು ಕರಗತೊಡಗಿತು. ಆದರೆ ಜಿಮೇಲ್ ವಿಳಾಸಗಳಿಗೆ ಕಳಿಸಿದ ಮೇಲ್‌ಗಳು ವಾಪಸ್ ಬಂದವು. ಸರ್ವರ್ ತನ್ನ ಕೆಲಸ ಬರೆದಿಡುವ ಲಾಗ್‌ನಲ್ಲಿ 550 ಅನ್ನುವ ಕೋಡ್, ಪಕ್ಕದಲ್ಲಿ 5.7.25. ನಾಲ್ಕರಿಂದ ಶುರುವಾಗುವ ಕೋಡ್ ಬಂದರೆ "ಆಮೇಲೆ ಬಾ", ಐದರಿಂದ ಶುರುವಾದರೆ "ಬರಬೇಡ". ಈ 5.7.25 ಹೇಳುವುದು ಪಿಟಿಆರ್ ದಾಖಲೆ ಇಲ್ಲ, ಅಥವಾ ಹೊಂದುತ್ತಿಲ್ಲ ಎಂದು. ಐಪಿಯನ್ನು ಕೇಳಿದರೆ ಸರ್ವರ್ ಹೆಸರು ಬರಬೇಕು, ಆ ಹೆಸರನ್ನು ಕೇಳಿದರೆ ಅದೇ ಐಪಿ ಬರಬೇಕು. ಇದನ್ನು ಡೊಮೇನ್ (ಮೇಲ್ ವಿಳಾಸದಲ್ಲಿ @ ಆದಮೇಲೆ ಬರುವ ಹೆಸರು) ಕೊಂಡ ಕಡೆ ಹುಡುಕಿದರೆ ಸಿಗುವುದಿಲ್ಲ. ಐಪಿ ಯಾರದೋ ಅವರ ಪ್ಯಾನೆಲ್‌ನಲ್ಲೇ ಹಾಕಬೇಕು, ಅಂದರೆ ಮತ್ತೆ ಅದೇ ಬಾಡಿಗೆ ಕಂಪನಿ. ನಮ್ಮ ಡೊಮೇನ್ ಹೆಸರಲ್ಲಿ ಯಾವ ಐಪಿ ಮೇಲ್ ಕಳಿಸಬಹುದು ಎಂದು ಹೇಳುವ ಎಸ್‌ಪಿಎಫ್ ದಾಖಲೆಯಲ್ಲೂ ಹಳೇ ಐಪಿಯೇ ಕೂತಿತ್ತು, ಬದಲಾಯಿಸಿದೆ. ಮೇಲ್ ನಮ್ಮ ಡೊಮೇನ್‌ನದೇ ಎಂದು ತೋರಿಸುವ ಡಿಕಿಮ್ ಸಹಿಗೆ ಐಪಿಯ ಹಂಗಿಲ್ಲ, ಹಾಗಾಗಿ ಅದಕ್ಕೆ ಏನೂ ಆಗಿರಲಿಲ್ಲ. 2024ರ ಫೆಬ್ರವರಿಯಿಂದ ಜಿಮೇಲ್, ಯಾಹೂ ಎರಡೂ ಈ ವಿಷಯದಲ್ಲಿ ಬಿಗಿಯಾಗಿವೆ. ನಮ್ಮಂಥ ಸಣ್ಣವರಿಗೂ ಎಸ್‌ಪಿಎಫ್ ಅಥವಾ ಡಿಕಿಮ್, ಜೊತೆಗೆ ಪಿಟಿಆರ್ ಬೇಕೇ ಬೇಕು. ಜಿಮೇಲ್‌ಗೆ ದಿನಕ್ಕೆ 5,000ಕ್ಕಿಂತ ಜಾಸ್ತಿ ಕಳಿಸುವವರಿಗೆ ಎಸ್‌ಪಿಎಫ್, ಡಿಕಿಮ್ ಎರಡೂ ಬೇಕು, ಮೇಲೆ ಡಿಮಾರ್ಕ್ (ಈ ಪರೀಕ್ಷೆ ಪಾಸಾಗದ ಮೇಲ್ ಅನ್ನು ಏನು ಮಾಡಬೇಕೆಂದು ಹೇಳುವ ದಾಖಲೆ) ಕೂಡ.

ಒಳಬರುವ ಮೇಲ್ ಬಗ್ಗೆ ಯಜಮಾನರಿಗೆ ಭಯವಿತ್ತು. ನಮಗೆ ಬರುವ ಮೇಲ್ ಯಾವ ಸರ್ವರ್‌ಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ದಾಖಲೆಯಲ್ಲಿರುವ ಹೆಸರು ಹಳೇ ಐಪಿಯನ್ನೇ ತೋರಿಸುತ್ತಿತ್ತಲ್ಲ. ಸರಿಯಾಗಿ ನಡೆಯುವ ಮೇಲ್ ಸರ್ವರ್‌ಗಳು ಒಂದೇ ಸಲಕ್ಕೆ ಕೈಬಿಡುವುದಿಲ್ಲ, ನಾಲ್ಕೈದು ದಿನ ಮತ್ತೆ ಮತ್ತೆ ಪ್ರಯತ್ನಿಸುತ್ತವೆ. ಐಪಿ ತಿದ್ದಿದ ಮೇಲೆ ತಡವಾಗಿ ಬಂದವು, ಅಷ್ಟೇ.

ಈಗ ಪೋಸ್ಟ್‌ಫಿಕ್ಸ್ ಬಗ್ಗೆ. ವೀತ್ಸೆ ವೆನೆಮಾ ಐಬಿಎಂನಲ್ಲಿದ್ದಾಗ ಬರೆದದ್ದು, 1998ರಲ್ಲಿ ಹೊರಬಂತು. ಇಂದಿಗೂ ನನಗೆ ಇಷ್ಟವಾಗುವುದು ಅದರ ಲಾಗ್. ಒಂದೊಂದು ಮೇಲ್‌ಗೂ ಹೋಯಿತೋ, ಕಾಯುತ್ತಿದೆಯೋ, ವಾಪಸ್ ಬಂತೋ, ಆ ಕಡೆಯ ಸರ್ವರ್ ಏನಂದಿತು ಎಂದು ಒಂದು ಸಾಲು ಬರೆದಿಡುತ್ತದೆ. ಬಾಡಿಗೆ ಕಂಪನಿಯ ಸಪೋರ್ಟ್‌ನವರ ಜೊತೆ ಮಾತಾಡುವಾಗ ಆ ಸಾಲನ್ನೇ ಅಂಟಿಸಿದೆ. "ನಿಮ್ಮ ಇಂಟರ್ನೆಟ್ ಚೆಕ್ ಮಾಡಿ" ಅನ್ನುವ ಮಾತು ಅಲ್ಲಿಗೇ ನಿಂತಿತು.

ದೂರು ಒಂದಿದೆ, ದೊಡ್ಡದೇ. ಹೋಗದ ಮೇಲ್ ಅನ್ನು ಪೋಸ್ಟ್‌ಫಿಕ್ಸ್ ಐದು ದಿನ ಸಾಲಿನಲ್ಲಿ ಇಟ್ಟುಕೊಳ್ಳುತ್ತದೆ. ಕಳಿಸಿದವರಿಗೆ ಅಷ್ಟೂ ದಿನ ಏನೂ ಹೇಳುವುದಿಲ್ಲ. ಡಿಲೇ ವಾರ್ನಿಂಗ್ ಟೈಮ್ ಅನ್ನುವ ಸೆಟ್ಟಿಂಗ್ ಮೊದಲಿಂದಲೇ ಸೊನ್ನೆಗೆ ಇರುತ್ತದೆ, ಅಂದರೆ ಎಚ್ಚರಿಕೆಯೇ ಇಲ್ಲ. ದಿನಕ್ಕೊಂದು ರೇಟ್ ಇರುವ ವ್ಯಾಪಾರದಲ್ಲಿ ಐದು ದಿನ ಅಂದರೆ ಏನು ಉಳಿಯುತ್ತೆ? ಆ ಎಚ್ಚರಿಕೆಯ ಸೆಟ್ಟಿಂಗನ್ನು ನಾಲ್ಕು ತಾಸಿಗೆ ಇಟ್ಟಿದ್ದೇನೆ. ಈಗ ಮೇಲ್ ಸಿಕ್ಕಿಹಾಕಿಕೊಂಡರೆ ಕಳಿಸಿದವರಿಗೇ ಚೀಟಿ ಬರುತ್ತದೆ.

ಇನ್ನೊಂದು ವಿಷಯ. ಸಾಲು ತುಂಬಿದಾಗ ಎಲ್ಲವನ್ನೂ ಒಟ್ಟಿಗೆ ತಳ್ಳುವ ಕಮಾಂಡ್ ಇದೆ. ಹೊಸ ಐಪಿಯಿಂದ ಹಾಗೆ ಮಾಡಬೇಡಿ. ಗುರುತಿಲ್ಲದ ಐಪಿಯಿಂದ ಏಕಾಏಕಿ ರಾಶಿ ಬಂದರೆ ಆ ಕಡೆಯವರಿಗೆ ಅನುಮಾನ ಬರುತ್ತದೆ. ಸುಮ್ನೆ ಬಿಟ್ಟರೆ ಪೋಸ್ಟ್‌ಫಿಕ್ಸ್ ತಾನೇ 300 ಸೆಕೆಂಡಿನಿಂದ ಶುರುಮಾಡಿ 4,000 ಸೆಕೆಂಡಿನವರೆಗೆ ಅಂತರ ಹೆಚ್ಚಿಸುತ್ತಾ ಪ್ರಯತ್ನಿಸುತ್ತದೆ.

ನಾನು ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಲಾಗ್ ಓದುವವರು ಆಫೀಸಿನಲ್ಲಿ ಒಬ್ಬರಾದರೂ ಇಲ್ಲದಿದ್ದರೆ ತಿಂಗಳ ಬಾಡಿಗೆಯ ಮೇಲ್ ಸೇವೆಯನ್ನೇ ತಗೊಳ್ಳಿ. ನೀವೇ ನಡೆಸುವುದಾದರೆ, ಸರ್ವರ್ ಕೊಳ್ಳುವ ಮುಂಚೆಯೇ ಕಂಪನಿಯವರನ್ನು ಎರಡು ಪ್ರಶ್ನೆ ಕೇಳಿ: ಪೋರ್ಟ್ 25 ತೆರೆಯುತ್ತೀರಾ, ಪಿಟಿಆರ್ ಹಾಕಲು ಬಿಡುತ್ತೀರಾ. ಒಂದಕ್ಕೆ ಇಲ್ಲ ಅಂದರೂ ಬೇರೆಯವರನ್ನು ನೋಡಿ.