ಹಾಡು ಯಾವಾಗ ಶುರು ಆಗುತ್ತಪ್ಪ? ಮಿಸ್ಟರ್ ಫಿಂಗರ್ಸ್ ಆಲ್ಬಂಗಳ ಬಗ್ಗೆ

ನಮ್ದು ಬಳ್ಳಾರಿ ಕೌಲ್‌ಬಜಾರ್ ಕಡೆ ಒಂದು ಸಣ್ಣ ಜೀನ್ಸ್ ಯೂನಿಟ್ಟು, ಹನ್ನೆರಡು ಮಷೀನ್ ಒಟ್ಟಿಗೆ ಓಡ್ತಿದ್ರೆ ಪಕ್ಕದೋನು ಕೂಗಿದ್ರೂ ಕೇಳ್ಸಲ್ಲ, ಹಂಗಾಗಿ ನಾನು ವರ್ಷಗಟ್ಲೆ ಹೆಡ್‌ಫೋನ್ ಹಾಕ್ಕೊಂಡೇ ಪಾಕೆಟ್ ಹೊಲ್ದೋನು. ಹೌಸ್ ಮ್ಯೂಸಿಕ್, ಅಂದ್ರೆ ಮಷೀನಲ್ಲೇ ಮಾಡೋ ಕುಣಿಯೋ ಮ್ಯೂಸಿಕ್ಕು, ಅದ್ರ ಹುಚ್ಚು ಹತ್ತಿದ್ದು ಅಲ್ಲೇ. ಸುಮಾರು ಜನರದ್ದು ಕೇಳಿದೆ, ಕೊನೆಗೆ ಉಳ್ಕಂಡಿದ್ದು ಒಬ್ನೇ, ಚಿಕಾಗೋದ ಲ್ಯಾರಿ ಹರ್ಡ್. ಮಿಸ್ಟರ್ ಫಿಂಗರ್ಸ್ ಅಂತಾನೂ ಇವ್ನೇ.

ಎಲ್ರಿಗೂ ಗೊತ್ತಿರೋದು 1986ರ 'ಕ್ಯಾನ್ ಯು ಫೀಲ್ ಇಟ್'. ಜುನೋ-60 ಅನ್ನೋ ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡು), ಒಂದು ಡ್ರಮ್ ಮಷೀನು, ಅಷ್ಟೇ. ಬೇಸ್ ಎದೆಗೆ ಗುದ್ದಲ್ಲ, ಪಕ್ಕದಾಗೆ ಬಂದು ಕುಂತ್ಕೊಂತೈತೆ. ಬ್ಯಾಂಡಲ್ಲಿ ಡ್ರಮ್ಸ್ ಬಾರ್ಸಿ ಬಂದೋನು ನೋಡ್ರಿ, ಎಲ್ಲಿ ಹೊಡೀಬಾರ್ದು ಅಂತ ಗೊತ್ತು. ಆನ್‌ಲೈನಲ್ಲಿ ಹುಡುಕಿದ್ರೆ ಮ್ಯಾಲೆ ಯಾರೋ ಭಾಷಣ ಮಾಡೋ ವರ್ಷನ್ನುಗಳು ಸಿಗ್ತಾವೆ, ಅವು ಬ್ಯಾಡ, ಮಾತಿಲ್ಲದ ಒರಿಜಿನಲ್ಲೇ ಕೇಳ್ರಿ. ಅದೇ ರೆಕಾರ್ಡಲ್ಲಿ 'ವಾಷಿಂಗ್ ಮಷೀನ್' ಅಂತ ಇನ್ನೊಂದೈತೆ. ತಿರುಗಿ ತಿರುಗಿ ಬರೋ ಒಂದು ಗುಳುಗುಳು ಲೈನು. ಪ್ಯಾಂಟು ವಾಷಿಂಗಿಗೆ ಹಾಕಿ ಡ್ರಮ್ ಮುಂದೆ ಕಾಯ್ತಾ ನಿಂತಿದ್ದಾಗ ಇದನ್ನ ಕೇಳಿ ಒಬ್ನೇ ನಕ್ಕಿದ್ದೆ, ಇದು ನಮ್ ಲೈನಿನೋರಿಗೆ ಅಂತಾನೇ ಮಾಡಿದ್ದು!

ಆದ್ರೆ ನನ್ ಕೇಳಿದ್ರೆ ಅವನ ದೊಡ್ಡ ಕೆಲ್ಸ ಆ ಸಿಂಗಲ್ ಅಲ್ಲ, ಅವನ ತಂಡ ಫಿಂಗರ್ಸ್ ಇಂಕ್ ಹೆಸರಲ್ಲಿ ಬಂದ 1988ರ ಆಲ್ಬಂ 'ಅನದರ್ ಸೈಡ್'. ಆಗ ಹೌಸ್ ಅಂದ್ರೆ ಡಿಜೆಗಳಿಗೆ ಅಂತ ಹನ್ನೆರಡಿಂಚಿನ ಸಿಂಗಲ್ಲು, ರಾತ್ರಿ ಕುಣಿದ್ರು, ಮರೆತ್ರು. ಮನೇಲಿ ಕುಂತು ಶುರುವಿಂದ ಕೊನೆತನಕ ಕೇಳೋ ಆಲ್ಬಂ ಅದ್ರಲ್ಲಿ ಆಗುತ್ತೆ ಅಂತ ತೋರ್ಸಿದ ಮೊದ್ಲನೇವುಗಳಲ್ಲಿ ಇದೊಂದು. ತಂಡದ ಹಾಡುಗಾರ ರಾಬರ್ಟ್ ಓವೆನ್ಸ್ ದನಿ ಕೇಳ್ರಿ, 'ಡಿಸ್ಟಂಟ್ ಪ್ಲಾನೆಟ್'ನಲ್ಲಿ ಎಲ್ಲೋ ದೂರದಿಂದ ಕರೆದಂಗೈತೆ. ನಮ್ ಕಡೆ ಮೊಹರಂ ದಿನ ಅಲಾಯಿ ಹೆಜ್ಜೆ ಹಾಕ್ತಾರಲ್ಲ, ಹಲಗಿ ಬಡಿತ ಅದೇ ಇರ್ತೈತೆ, ಗಂಟೆ ಕಳೆದಂಗೆ ಕುಣಿಯೋರ ಮೈ ಮಾತ್ರ ಬ್ಯಾರೆ ಆಗ್ತಾ ಹೋಗ್ತೈತೆ, ಈ ಆಲ್ಬಂ ನನಗೆ ಹಂಗೇ ಹಿಡಿದದ್ದು.

1992ರ 'ಇಂಟ್ರೊಡಕ್ಷನ್' ದೊಡ್ಡ ಕಂಪನಿ ಎಂಸಿಎದಿಂದ ಬಂತು. 'ಕ್ಲೋಸರ್' ಚೆನ್ನಾಗೈತೆ, ಇಲ್ಲ ಅನ್ನಲ್ಲ. ಮಿಕ್ಕಿದ್ದು ಜಾಸ್ತಿ ಇಸ್ತ್ರಿ ಆಗೈತೆ, ಒಂದು ಮಡಿಕೆ ಕೂಡ ಬಿಟ್ಟಿಲ್ಲ. ಲ್ಯಾರಿ ಹರ್ಡ್ ಅಂತ ಸ್ವಂತ ಹೆಸರಲ್ಲಿ ಬಂದ 1996ರ 'ಏಲಿಯನ್' ನನಗೆ ರಾತ್ರಿ ಪಾಳಿ ಆಲ್ಬಂ, ಹೆಚ್ಚು ಹೇಳಲ್ಲ.

1994ರ 'ಬ್ಯಾಕ್ ಟು ಲವ್' ಆದ್ಮ್ಯಾಲೆ ಮಿಸ್ಟರ್ ಫಿಂಗರ್ಸ್ ಹೆಸರಲ್ಲಿ ಆಲ್ಬಮ್ಮೇ ಇಲ್ಲ, 24 ವರ್ಷ ಬಿಟ್ಟು 2018ರಲ್ಲಿ 'ಸೆರೆಬ್ರಲ್ ಹೆಮಿಸ್ಫಿಯರ್ಸ್' ಬಂತು. ಉದ್ದ ಸ್ವಲ್ಪ ಜಾಸ್ತಿನೇ. ಮೊದಲರ್ಧ ಜಾಝ್ ಕಡೆ ವಾಲ್ಕೊಂಡು ನಿಧಾನ, ತಾಳ್ಮೆ ಬೇಕು, ಆಮೇಲೆ 'ಔಟರ್ ಆಸಿಡ್' ಬಂದಾಗ ಅಯ್ಯೋ ಇದಕ್ಕೇ ಕಾಯ್ತಿದ್ನಲ್ಲ ಅನ್ಸುತ್ತೆ. ಅಂದಂಗೆ ಆಸಿಡ್ ಅಂದ್ರೆ ಟಿಬಿ-303 ಅನ್ನೋ ಬೇಸ್ ಸಿಂಥ್ ಮಷೀನ್ ಸೌಂಡು, ಅದನ್ನಿಟ್ಕೊಂಡು ನಮ್ ಮುಂಬೈನ ಚರಣ್‌ಜಿತ್ ಸಿಂಗ್ 1982ರಲ್ಲೇ ಹತ್ತು ರಾಗ ಬಾರ್ಸಿ ಆಲ್ಬಂ ಮಾಡಿದ್ರು, ಯಾರೂ ತಿರುಗಿ ನೋಡ್ಲಿಲ್ಲ.

ಇನ್ನೊಂದು ಹೇಳ್ಬೇಕು. ತಮ್ಮ ಹಳೇ ಹಾಡುಗಳ ಹಕ್ಕಿಗೋಸ್ಕರ ಹರ್ಡ್ ಮತ್ತೆ ಓವೆನ್ಸ್ 2020ರಲ್ಲಿ ಆ ಹಾಡುಗಳನ್ನ ಹೊರಗೆ ತಂದಿದ್ದ ಕಂಪನಿ ಟ್ರ್ಯಾಕ್ಸ್ ರೆಕಾರ್ಡ್ಸ್ ಮ್ಯಾಲೆ ಕೇಸು ಹಾಕಿದ್ರು, 2022ರಲ್ಲಿ ರಾಜಿ ಆಗಿ ಹಕ್ಕು ವಾಪಸ್ ಬಂತು. ಪೀಸ್ ರೇಟಲ್ಲಿ ಹೊಲ್ದೋರಿಗೆ ಇದ್ರ ಬೆಲೆ ಗೊತ್ತಾಗುತ್ತೆ ಬಿಡ್ರಿ.

ಮೊನ್ನೆ ಕರೆಂಟ್ ಹೋಗಿ ಮಷೀನೆಲ್ಲ ನಿಂತಾಗ ಬ್ಲೂಟೂತ್ ಸ್ಪೀಕರಲ್ಲಿ 'ಅನದರ್ ಸೈಡ್' ಹಚ್ಚಿದೆ. ನಮ್ ಕಟಿಂಗ್ ಮಾಸ್ಟರ್ ಹತ್ತು ನಿಮಿಷ ಸುಮ್ನೆ ಕೇಳಿ, "ಲೇ, ಹಾಡು ಯಾವಾಗ ಶುರು ಆಗುತ್ತಪ್ಪ?" ಅಂದ. ಅದು ಆಗ್ಲೇ ಮೂರನೇ ಹಾಡಿಗೆ ಹತ್ತಿರ ಬಂದಿತ್ತು. ತಪ್ಪು ಅವನದಲ್ಲ, ಆ ಸ್ಪೀಕರಲ್ಲಿ ಬೇಸೇ ಬರಲ್ಲ, ಬೇಸ್ ಇಲ್ಲದ ಲ್ಯಾರಿ ಹರ್ಡ್ ಅಂದ್ರೆ ಒಗ್ಗರಣೆ ಇಲ್ಲದ ಮಂಡಕ್ಕಿ. ಫೋನ್ ಸ್ಪೀಕರಲ್ಲಂತೂ ಕೇಳಲೇಬ್ಯಾಡ್ರಿ.

'ಅನದರ್ ಸೈಡ್'ಗೆ ಐದಕ್ಕೆ ಐದು, 'ಸೆರೆಬ್ರಲ್'ಗೆ ನಾಕು, 'ಇಂಟ್ರೊಡಕ್ಷನ್'ಗೆ ಮೂರು, ಅದೂ 'ಕ್ಲೋಸರ್' ಮುಖ ನೋಡ್ಕೊಂಡು.