ಹಟ್ಟಿಯಲ್ಲಿಟ್ಟ ಬಲ್ಬಿನ ಬುಡ ನೋಡಿ ಹಾಕಿ

ಮಳೆಗಾಲದಲ್ಲಿ ದನದ ಹಟ್ಟಿಯಲ್ಲೋ ಸೌದೆ ಕೊಟ್ಟಿಗೆಯಲ್ಲೋ ಬಿದ್ದಿದ್ದ ಬಲ್ಬನ್ನು, ಅದು ಒಮ್ಮೆಯೂ ಉರಿಯದ ಹೊಸ ಬಲ್ಬೇ ಆಗಿದ್ದರೂ, ಬುಡ ನೋಡದೆ ಹೋಲ್ಡರಿಗೆ ಹಾಕಬೇಡಿ. ಪಕ್ಕದಲ್ಲಿ ಉಪ್ಪಿನ ಗೋಣಿಯೋ ಮೈಲುತುತ್ತೋ (ತಾಮ್ರದ ಸಲ್ಫೇಟ್) ಇದ್ದಿದ್ದರೆ ಆ ಬಲ್ಬುಗಳ ಆಸೆಯನ್ನೇ ಬಿಡಿ. ಕಳೆದ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್‌ನ ಮಳೆಗಾಲ) ಉಡುಪಿ ಜಿಲ್ಲೆಯ ಶಿರ್ವದ ನನ್ನ ಅತ್ತೆ ಮನೆಯಲ್ಲಿ ಕಣ್ಣಾರೆ ಕಂಡದ್ದರಿಂದ ಇಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದೇನೆ.

ಅಲ್ಲಿ ದನಗಳನ್ನು ಕೊಟ್ಟು ವರ್ಷಗಳಾದವು. ಹಟ್ಟಿ ಖಾಲಿಯಾದರೆ ನಮ್ಮ ಕಡೆ ಖಾಲಿಯಾಗಿಯೇ ಉಳಿಯುವುದುಂಟೇ? ಕೊಳೆರೋಗ ತಡೆಯಲು ಅಡಿಕೆಗೆ ಬಿಡುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತು ಮತ್ತು ಸುಣ್ಣ, ತೆಂಗಿನ ಬುಡಕ್ಕೆ ಕಲ್ಲುಪ್ಪು, ಕೆಟ್ಟ ಪಂಪು, ಒಣಗಿದ ಮಡಲು, ಎಲ್ಲವೂ ಅಲ್ಲಿಗೇ. ಉಪ್ಪಿನ ಗೋಣಿಯ ಮೇಲಿನ ಹಲಗೆಯಲ್ಲಿ ರಟ್ಟಿನ ಪೆಟ್ಟಿಗೆ ತುಂಬ 9 ವ್ಯಾಟಿನ ಎಲ್‌ಇಡಿ ಬಲ್ಬುಗಳು. ಅಗ್ಗಕ್ಕೆ ಸಿಕ್ಕಿತೆಂದು ಬಾವ ಒಟ್ಟಿಗೇ ತಂದಿಟ್ಟದ್ದು.

ಬಚ್ಚಲಿನ ಬಲ್ಬು ಹೋದಾಗ ಅದರಲ್ಲೊಂದನ್ನು ತಂದು ಹಾಕಿದರು. ಉರಿಯಿತು. ಮರುದಿನ ಮಿಣುಕತೊಡಗಿತು, ಹೋಲ್ಡರಿನೊಳಗೆ ಚಿರ್ ಎಂಬ ಸದ್ದು, ಸುಟ್ಟ ವಾಸನೆ. ಬಾವ ಸ್ವಿಚ್ ಆಫ್ ಮಾಡಿ, ಸ್ಟೂಲು ಹತ್ತಿ ಬಲ್ಬನ್ನು ತಿರುಗಿಸಿದರು. ಬುಡದ ಲೋಹದ ಟೊಪ್ಪಿ ಹೋಲ್ಡರಿನಲ್ಲೇ ಕಚ್ಚಿಕೊಂಡು ಉಳಿಯಿತು, ಪ್ಲಾಸ್ಟಿಕ್ಕಿನ ಮೈ ಮಾತ್ರ ಕೈಗೆ ಬಂತು. ನಡುವೆ ಜೋತುಬಿದ್ದ ತಂತಿ ಬೆರಳಿಗೆ ತಾಗಿದ್ದೇ ತಡ, ಹೊಡೆದ ಶಾಕಿಗೆ ಸ್ಟೂಲಿನಿಂದ ಕೆಳಗೆ ಬಿದ್ದು ಮಣಿಕಟ್ಟಿನ ಎಲುಬು ಮುರಿಯಿತು. ಸ್ವಿಚ್ ಆಫ್ ಇದ್ದರೂ ಶಾಕ್ ಹೊಡೆದದ್ದು ಹೇಗೆ ಎಂದರೆ, ಹಳೆಯ ವಯರಿಂಗಿನಲ್ಲಿ ಸ್ವಿಚ್ಚನ್ನು ಕರೆಂಟು ಬರುವ ಫೇಸ್ ತಂತಿಗೆ ಕೊಡುವ ಬದಲು ಹಿಂದಿರುಗುವ ನ್ಯೂಟ್ರಲ್ ತಂತಿಗೆ ಕೊಟ್ಟಿದ್ದರು. ದೀಪ ಆರುತ್ತದೆ, ಹೋಲ್ಡರಿನಲ್ಲಿ ಕರೆಂಟು ಹಾಗೆಯೇ ಇರುತ್ತದೆ. ಹಳೆಯ ಮನೆಗಳಲ್ಲಿ ಈ ಕಿತಾಪತಿ ಅಪರೂಪವೇನಲ್ಲ. ಬಲ್ಬು ಬದಲಿಸುವಾಗ ಮೈನ್ ಸ್ವಿಚ್ಚನ್ನೇ ಆಫ್ ಮಾಡಿ.

ಪೆಟ್ಟಿಗೆಯಲ್ಲಿ ಉಳಿದ ಬಲ್ಬುಗಳನ್ನು ನಾನು ಹಗಲು ಬೆಳಕಿನಲ್ಲಿ ನೋಡಿದೆ. ಗೋಳ ಬೆಳ್ಳಗೆ, ಅಂಗಡಿಯಲ್ಲಿದ್ದ ಹಾಗೆಯೇ. ಟೊಪ್ಪಿಯ ಅಂಚಿನಲ್ಲಿ, ಮೈಗೆ ಒತ್ತಿ ಕೂರಿಸಿದ ಚುಕ್ಕೆಗಳ ಸುತ್ತ, ಬಿಳಿ ಹುಡಿ. ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ, ಆದರೆ ಅದರಡಿಯಲ್ಲಿ ಸೂಜಿಮೊನೆಯಂಥ ಗುಳಿಗಳು. ಉಗುರಿನಿಂದ ಒತ್ತಿದರೆ ಕೆಲವು ಕಡೆ ತಗಡು ಒಳಕ್ಕೇ ಹೋಯಿತು.

ಗಾಳಿಯ ತೇವಾಂಶ ಶೇಕಡಾ 75 ದಾಟಿದರೆ ಉಪ್ಪು ನೀರನ್ನು ಎಳೆದುಕೊಂಡು ತಾನೇ ಕರಗುತ್ತದೆ. ಆಟಿಯಲ್ಲಿ ಅದಕ್ಕಿಂತ ಒಣಗಿದ ದಿನ ನಮ್ಮಲ್ಲಿ ಎಲ್ಲಿಂದ ಬರಬೇಕು? ಕಡಲು ದೂರವಿದ್ದರೂ ಅದನ್ನೇ ಗೋಣಿಯಲ್ಲಿ ಕಟ್ಟಿ ಹಟ್ಟಿಯಲ್ಲಿಟ್ಟಂತಾಯಿತು. ಅಲ್ಯೂಮಿನಿಯಂ ಟೊಪ್ಪಿಯನ್ನು ಕಾಯುವ ತೆಳು ಪದರವನ್ನು ಉಪ್ಪಿನ ಕ್ಲೋರೈಡ್ ಕೊರೆಯುತ್ತದೆ. ಮೈಲುತುತ್ತಿನ ಹುಡಿಯೂ ತೇವದಲ್ಲಿ ಕರಗಿ ತಾಗಿದರೆ ತಾಮ್ರ ಅಲ್ಲಿ ಕೂತು ಲೋಹವನ್ನು ಇನ್ನಷ್ಟು ಬೇಗ ತಿನ್ನುತ್ತದೆ. ಇದು ತೋಟದವರಿಗೆ ತಿಳಿಯದ ವಿಷಯವೂ ಅಲ್ಲ. ಮೈಲುತುತ್ತನ್ನು ಕಬ್ಬಿಣದ ಬಕೆಟಿನಲ್ಲಿ ಕರಗಿಸಬಾರದೆಂದು ಅವರೇ ಹೇಳುತ್ತಾರೆ, ದ್ರಾವಣ ಹದವಾಗಿದೆಯೇ ಎಂದು ತಿಳಿಯಲು ಚಾಕು ಅದ್ದಿ ತಾಮ್ರ ಹತ್ತುತ್ತದೆಯೇ ಎಂದು ನೋಡುವವರೂ ಅವರೇ.

ಚಳಿಯಿಂದ ಬಲ್ಬು ಕೆಡುವುದಿಲ್ಲ. ತಗಡಿನ ಮಾಡಿನ ಕೊಟ್ಟಿಗೆಯಲ್ಲಿ ಹಗಲು ಕಾದು ರಾತ್ರಿ ತಣಿದಾಗ ಶೀಟಿನ ಅಡಿಯಲ್ಲಿ ಕಟ್ಟುವ ನೀರಹನಿ ಮಾತ್ರ ಕೆಡಿಸುತ್ತದೆ. ಮಧ್ಯಾಹ್ನದ ಆ ಕಾವು ಎಲ್‌ಇಡಿಯೊಳಗಿನ ಕೆಪಾಸಿಟರಿಗೂ ಒಳ್ಳೆಯದಲ್ಲ.

ಹಾಗಾಗಿ ಬಲ್ಬುಗಳು ಮನೆಯೊಳಗಿರಲಿ. ಹೊರಗೆ ಇಡಲೇಬೇಕಾದರೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ. ಡಬ್ಬಿಯನ್ನು ಮುಚ್ಚುವುದು ಫೆಬ್ರವರಿಯ ಒಣ ಬಿಸಿಲಿನ ದಿನವಾಗಿರಬೇಕು. ಜುಲೈಯಲ್ಲಿ ಮುಚ್ಚಿದರೆ ತೇವವನ್ನೇ ಒಳಗೆ ಕೂಡಿಹಾಕಿದಂತೆ. ರಟ್ಟಿನ ಪೆಟ್ಟಿಗೆ ಬೇಡ, ಗೆದ್ದಲಿಗೆ ಅದೇ ಹಬ್ಬದೂಟ. ಬುಡದಲ್ಲಿ ಬಿಳಿ ಹುಡಿ ಕಂಡರೆ, ಟೊಪ್ಪಿ ಚೂರು ಅಲ್ಲಾಡಿದರೂ, ಮರಳುಕಾಗದದಿಂದ ಉಜ್ಜಿ ಹಾಕುವ ಜಾಣತನ ಬೇಡ. ಅಷ್ಟಕ್ಕೂ ಗ್ಯಾರಂಟಿ ಲೆಕ್ಕ ಶುರುವಾಗುವುದು ಕೊಂಡ ದಿನದಿಂದ, ಹೊತ್ತಿಸಿದ ದಿನದಿಂದಲ್ಲ. ಡಜನುಗಟ್ಟಲೆ ತಂದಿಡುವುದರಲ್ಲಿ ಲಾಭವೇನಿದೆಯೋ ನನಗಂತೂ ಕಾಣದು.

ಅದೇ ಪೆಟ್ಟಿಗೆಯ ತಳದಲ್ಲಿ ಹಳೆಯ ಸಿಎಫ್‌ಎಲ್‌ಗಳೂ (ಗಾಜಿನ ಕೊಳವೆಯ ಬಲ್ಬುಗಳು) ಇದ್ದವು. ರಟ್ಟಿನ ಜೊತೆ ಅವನ್ನೂ ಬಚ್ಚಲ ಒಲೆಗೆ ತುರುಕಲು ಅತ್ತೆ ಹೊರಟಿದ್ದರು, ಓಡಿಹೋಗಿ ತಡೆದೆ. ಅವುಗಳಲ್ಲಿ ಪಾದರಸವಿರುತ್ತದೆ. ಒಡೆದರೆ ಕಿಟಕಿ ಬಾಗಿಲು ತೆರೆದು ಕಾಲು ಗಂಟೆ ಎಲ್ಲರೂ ಹೊರಗಿರಿ. ಆಮೇಲೆ ಹಿಡಿಸೂಡಿ ಹಿಡಿಯದೆ ದಪ್ಪ ಕಾಗದದಿಂದ ಚೂರುಗಳನ್ನು ಎತ್ತಿ, ಒದ್ದೆ ಬಟ್ಟೆಯಿಂದ ಒರೆಸಿ, ಎಲ್ಲವನ್ನೂ ಮುಚ್ಚಳದ ಬಾಟಲಿಗೆ ಹಾಕಿ. ಒಡೆಯದ ಹಳೆಯವನ್ನು ಹಸಿಕಸ ಒಣಕಸಕ್ಕೆ ಸೇರಿಸದೆ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಬೇರೆಯಾಗಿಯೇ ಕೊಡಿ.