ಎಲೆಕ್ಟ್ರಿಕ್ ಕಾರಿನ ಜೊತೆ ಬಂದ 3.3 ಕಿಲೋವ್ಯಾಟ್ ಚಾರ್ಜರ್: ಎರಡು ವರ್ಷದ ಬಳಕೆಯ ನಂತರ

ಚಾರ್ಜರ್ ಈ ಎರಡು ವರ್ಷದಲ್ಲಿ ಒಮ್ಮೆಯೂ ಕೈಕೊಟ್ಟಿಲ್ಲ. ಕೈಕೊಟ್ಟಿದ್ದು ಗೋಡೆಯ ಸಾಕೆಟ್. ಹಾಗಾಗಿ ಇಲ್ಲಿ ಬರೆದಿರುವುದರಲ್ಲಿ ಹೆಚ್ಚಿನದು ಗೋಡೆಯ ಕಡೆಯದೇ. ಐದಕ್ಕೆ ನಾಲ್ಕು ಸ್ಟಾರ್. ಒಂದು ಕಳೆದದ್ದು, ಇಷ್ಟು ಹೊತ್ತು ಕರೆಂಟ್ ಎಳೆಯುವ ಸಾಮಾನಿಗೆ ಮಾಮೂಲಿ ಮೂರು ಪಿನ್ನಿನ ಪ್ಲಗ್ ಕೊಟ್ಟಿದ್ದಕ್ಕೆ.

230 ವೋಲ್ಟಿನಲ್ಲಿ 3.3 ಕಿಲೋವ್ಯಾಟ್ ಅಂದರೆ 14 ಆಂಪಿಯರ್‌ಗಿಂತ ತುಸು ಹೆಚ್ಚು. ಗೀಸರ್ ಓಡಿದ ಸಾಕೆಟ್ಟಲ್ಲಿ ಇದೂ ಓಡುತ್ತದೆ ಎಂದು ಎಲೆಕ್ಟ್ರಿಷಿಯನ್‌ಗಳೇ ಹೇಳುತ್ತಾರೆ. ಗೀಸರ್ ಕಾಲು ಗಂಟೆಗೆ ಆಫ್ ಆಗುತ್ತದೆ. 30 ಯೂನಿಟ್ಟಿನ ಬ್ಯಾಟರಿ ತುಂಬಲು ಸುಮಾರು 10 ಗಂಟೆ ಬೇಕು. ಎಂಟನೇ ತಿಂಗಳಿಗೆ ಫೇಸ್ ರಂಧ್ರದ ಸುತ್ತ ಬಿಳಿ ಪ್ಲಾಸ್ಟಿಕ್ ಚಹಾ ಕಲೆಯ ಬಣ್ಣಕ್ಕೆ ತಿರುಗಿತ್ತು. ಬಿಚ್ಚಿದರೆ ಸ್ಕ್ರೂ ಅರ್ಧ ಸುತ್ತು ಸಡಿಲ, ವೈರಿನ ಮೇಲಿನ ಇನ್ಸುಲೇಷನ್ ಒಂದಿಂಚು ಗಟ್ಟಿಯಾಗಿ, ಬಗ್ಗಿಸಿದರೆ ಪುಡಿಯಾಗುತ್ತಿತ್ತು. ಸಡಿಲ ಜಾಗದಲ್ಲಿ 0.1 ಓಮ್ ತಡೆ ಬಂದರೂ ಅಲ್ಲಿ 20 ವ್ಯಾಟ್ ಬಿಸಿ ಹುಟ್ಟುತ್ತದೆ. ಸೋಲ್ಡರಿಂಗ್ ಐರನ್ 25 ವ್ಯಾಟಿನದು! ಇಷ್ಟಾದರೂ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಟ್ರಿಪ್ ಆಗಲಿಲ್ಲ, ಆಗುವುದೂ ಇಲ್ಲ. ಕರೆಂಟ್ 14 ಆಂಪಿಯರ್‌ನಲ್ಲೇ ಇರುವಾಗ ಅದಕ್ಕೆ ಏನೂ ಗೊತ್ತಾಗುವುದಿಲ್ಲ.

6 ಆಂಪಿಯರ್ ಪಿನ್ನನ್ನೂ ಹಿಡಿಯುವ ಕಾಂಬಿ ಸಾಕೆಟ್ ಬೇಡ. ಎರಡು ದಪ್ಪದ ಪಿನ್ನಿಗೆ ಮಾಡಿದ ಅದರ ಹಿಡಿತ ಬೇಗ ಸಡಿಲುತ್ತದೆ. ಐಎಸ್‌ಐ ಗುರುತಿನ, 16 ಆಂಪಿಯರ್‌ಗೇ ಮಾಡಿದ ಗಟ್ಟಿ ಸಾಕೆಟ್ಟನ್ನು ಲೋಹದ ಪೆಟ್ಟಿಗೆಯಲ್ಲಿ ಹಾಕಿಸಿ. ಪ್ಲಗ್ಗನ್ನು ದಿನಾ ಕೀಳಬೇಡಿ, ಎಂಸಿಬಿಯಲ್ಲೇ ಆನ್-ಆಫ್ ಮಾಡಿ. ಪ್ಲಗ್ ಕತ್ತರಿಸಿ ನೀಲಿ ಇಂಡಸ್ಟ್ರಿಯಲ್ ಪ್ಲಗ್ ಹಾಕುವ ಆಸೆಯಾದರೆ ತಡೆಯಿರಿ: ವಾರಂಟಿ ಹೋಗುತ್ತದೆ, ಕೆಲವು ಪ್ಲಗ್ಗಿನೊಳಗೆ ಬಿಸಿ ಅಳೆಯುವ ಸೆನ್ಸರ್ ಕೂಡ ಇರುತ್ತದೆ. ಎಕ್ಸ್‌ಟೆನ್ಷನ್ ಬೋರ್ಡ್ ಮಾತೇ ಬೇಡ.

ವೈರು ಮೀಟರ್ ಬೋರ್ಡಿನಿಂದ ನೇರ ಬರಬೇಕು, ನಡುವೆ ಜಾಯಿಂಟ್ ಇರಬಾರದು. 25 ಮೀಟರ್ ದೂರಕ್ಕೆ 2.5 ಸ್ಕ್ವೇರ್ ಎಂಎಂ ತಾಮ್ರದ ವೈರಾದರೆ ಸುಮಾರು 75 ವ್ಯಾಟ್ ವೈರಿನಲ್ಲೇ ಬಿಸಿಯಾಗಿ ಹೋಗುತ್ತದೆ, 4 ಸ್ಕ್ವೇರ್ ಎಂಎಂ ಆದರೆ 50ಕ್ಕೂ ಕಡಿಮೆ. ಮುಂದೆ 7.2 ಕಿಲೋವ್ಯಾಟ್ ಚಾರ್ಜರ್ ಹಾಕಿಸುವ ಯೋಚನೆ ಇದ್ದರೆ ಈಗಲೇ 6 ಸ್ಕ್ವೇರ್ ಎಂಎಂ ವೈರನ್ನೇ ಎಳೆಸಿಬಿಡಿ, ಗೋಡೆ ಎರಡು ಸಲ ಕೊರೆಯುವುದು ತಪ್ಪುತ್ತದೆ. ಆದರೆ ಆ ದಪ್ಪ ವೈರು 16 ಆಂಪಿಯರ್ ಸಾಕೆಟ್ಟಿನ ಟರ್ಮಿನಲ್ಲಿಗೆ ಸಲೀಸಾಗಿ ಕೂರದು. ನಾಲ್ಕು ಎಳೆ ಕತ್ತರಿಸಿ ತುರುಕಲು ಬಿಡಬೇಡಿ, ವೈರಿನ ತುದಿಗೆ ಪಿನ್ ಲಗ್ (ಕಡ್ಡಿಯಂಥ ಮೂತಿಯ ಲೋಹದ ತೊಡಿಕೆ) ಹಾಕಿ ಒತ್ತಿಸಿ. ಎಂಸಿಬಿ 20 ಆಂಪಿಯರ್, ಸಿ-ಕರ್ವ್ (ಆನ್ ಮಾಡಿದ ಕ್ಷಣದ ಏರಿಕೆಗೆ ಸುಲಭವಾಗಿ ಟ್ರಿಪ್ ಆಗದ ಬಗೆ). ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿದು ಶಾಕ್‌ನಿಂದ ಕಾಯುವ ಸ್ವಿಚ್) 30 ಮಿಲಿಆಂಪಿಯರ್, ಟೈಪ್ ಎ; ಅಗ್ಗದ ಟೈಪ್ ಎಸಿ ಕಾರಿನ ಚಾರ್ಜರ್‌ನಿಂದ ಬರಬಹುದಾದ ಡಿಸಿ ಬೆರೆತ ಲೀಕೇಜನ್ನು ಸರಿಯಾಗಿ ಹಿಡಿಯುವುದಿಲ್ಲ. ಹೊಸ ಆರ್‌ಸಿಸಿಬಿ ಸುಮ್ಮಸುಮ್ಮನೆ ಟ್ರಿಪ್ ಆದರೆ ಮೊದಲು ಯುಪಿಎಸ್ ಲೈನಿನ ನ್ಯೂಟ್ರಲ್ ಇದರ ಜೊತೆ ಸೇರಿದೆಯೇ ನೋಡಿಸಿ.

ಇನ್ನು ಅರ್ತಿಂಗ್. ಚಾರ್ಜರ್‌ನಲ್ಲಿ ಕೆಂಪು ದೀಪ ಬಂದರೆ ಬಹಳಷ್ಟು ಸಲ ಹಾಳಾಗಿರುವುದು ಚಾರ್ಜರ್ ಅಲ್ಲ, ಅರ್ತ್. ಮಲ್ಟಿಮೀಟರ್ ಇಟ್ಟು ನ್ಯೂಟ್ರಲ್–ಅರ್ತ್ ನಡುವೆ ಅಳೆಯಿರಿ. 2–3 ವೋಲ್ಟ್ ಸರಿ. 20, 30 ತೋರಿಸಿದರೆ ಅರ್ತ್ ಗುಂಡಿ ಒಣಗಿದೆ ಅಥವಾ ಅರ್ತ್ ವೈರ್ ಎಲ್ಲೋ ತುಂಡಾಗಿದೆ. ಆಗ ಸಾಕೆಟ್ಟಿನೊಳಗೆ ನ್ಯೂಟ್ರಲ್ಲಿಗೂ ಅರ್ತಿಗೂ ಒಂದು ತುಂಡು ವೈರ್ ಜೋಡಿಸಿ ಹಸಿರು ದೀಪ ಬರಿಸಿಕೊಡುವವರಿದ್ದಾರೆ. ದಯವಿಟ್ಟು ಒಪ್ಪಬೇಡಿ. ಮುಂದೊಂದು ದಿನ ನ್ಯೂಟ್ರಲ್ ಕಡಿದರೆ ಕಾರಿನ ಇಡೀ ಮೈಗೆ 230 ವೋಲ್ಟ್ ಬರುತ್ತದೆ, ಬಾಗಿಲು ಮುಟ್ಟಿದ ಮಗು ಉಳಿಯುವುದಿಲ್ಲ. ಬೇರೆ ಗುಂಡಿ ತೋಡಿಸಿ, ಬೇಸಿಗೆಯಲ್ಲಿ ವಾರಕ್ಕೊಮ್ಮೆ ಒಂದು ಕೊಡ ನೀರು ಹಾಕಿ.

ಬಿಲ್ಲು: ಗೋಡೆಯಲ್ಲಿ ಅಳೆದ ಲೆಕ್ಕ ಯೂನಿಟ್ಟಿಗೆ ಸುಮಾರು 6.5 ಕಿ.ಮೀ. ತಿಂಗಳಿಗೆ ಸಾವಿರ ಕಿ.ಮೀ. ಓಡಿಸಿದರೆ 150ಕ್ಕೂ ಹೆಚ್ಚು ಯೂನಿಟ್. ಗೃಹಜ್ಯೋತಿಯಲ್ಲಿರುವ ಮನೆ 200 ದಾಟಿದರೆ ಆ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಮಂಜೂರಾದ ಲೋಡ್ ಎಷ್ಟೆಂದು ಬಿಲ್ಲಿನಲ್ಲೇ ಇರುತ್ತದೆ. 2–3 ಕಿಲೋವ್ಯಾಟ್ ಇದ್ದರೆ ಮೊದಲು ಹೆಚ್ಚಿಸಿಕೊಳ್ಳಿ.

ಸಾಕೆಟ್ ಬದಲಿಸಿದ ಮೇಲೆ ತೊಂದರೆ ಬಂದಿಲ್ಲ. ಆರು ತಿಂಗಳಿಗೊಮ್ಮೆ ಮೇನ್ ಆಫ್ ಮಾಡಿ ಸ್ಕ್ರೂ ಬಿಗಿ ಮಾಡಿಸಲಾಗುತ್ತಿದೆ. ಚಾರ್ಜ್ ಶುರುವಾದ ಒಂದು ಗಂಟೆಗೆ ಪ್ಲಗ್ಗಿನ ಹೊರಮೈ ಮುಟ್ಟಿದರೆ ಬೆಚ್ಚಗಿರುತ್ತದೆ, ಅಷ್ಟೆ. ಕೈ ಇಡಲಾಗದಷ್ಟು ಸುಟ್ಟರೆ ಅಂದು ಚಾರ್ಜ್ ನಿಲ್ಲಿಸಿ ಎಲೆಕ್ಟ್ರಿಷಿಯನ್‌ನ ಕರೆಸಿ.